ಪ್ರಶ್ನೆ ಒಂದು, ಉಪಚಾರ ಹತ್ತು: ಕೋಟಿಯ ಆಟದ ಶಾಸ್ತ್ರಗಳು ಯಾರಿಗಾಗಿ?

ಟಿವಿಯಲ್ಲಿ ಕೋಟಿ ರೂಪಾಯಿಯ ರಸಪ್ರಶ್ನೆ ಶುರುವಾದರೆ ಮುಂದೆ ಏನೇನಾಗುತ್ತದೆ ಎಂಬುದು ಮನೆಯ ಮಕ್ಕಳಿಗೂ ಬಾಯಿಪಾಠ. ಬೆಳಕು ಸುತ್ತುತ್ತದೆ, ಸಂಗೀತ ಗುಡುಗುತ್ತದೆ, ನಿರೂಪಕರು ಓಡಿ ಬರುತ್ತಾರೆ, ಪ್ರೇಕ್ಷಕರು ಎದ್ದು ನಿಲ್ಲುತ್ತಾರೆ. ಆಯ್ಕೆಯಾದ ಸ್ಪರ್ಧಿ ಕಣ್ಣೊರೆಸಿಕೊಳ್ಳುತ್ತಾರೆ, ಅಪ್ಪುಗೆಯಾಗುತ್ತದೆ, ಕುರ್ಚಿಯವರೆಗೆ ಮೆರವಣಿಗೆಯಾಗುತ್ತದೆ. ಜೊತೆಗೆ ಬಂದವರ ಪರಿಚಯ, ಊರಿನ ವಿಡಿಯೊ, ಪ್ರಾಯೋಜಕರ ಹೆಸರು, ಆಟದ ನಿಯಮ ಎಲ್ಲವೂ ಮುಗಿಯಬೇಕು. ಅದಾದ ಮೇಲೆ ಮೊದಲ ಪ್ರಶ್ನೆ. ಆ ಪ್ರಶ್ನೆಯೋ, ಐದನೇ ತರಗತಿಯ ಹುಡುಗ ಅರ್ಧ ಓದುವಷ್ಟರಲ್ಲಿ ಉತ್ತರ ಹೇಳಿಬಿಡುವಂಥದ್ದು.

'ಕೌನ್ ಬನೇಗಾ ಕರೋಡ್‌ಪತಿ' 2000ದ ಜುಲೈ 3ರಂದು ಸ್ಟಾರ್ ಪ್ಲಸ್‌ನಲ್ಲಿ ಆರಂಭವಾಯಿತು. 2010ರಲ್ಲಿ ಸೋನಿ ವಾಹಿನಿಗೆ ಬಂತು. ಕಾಲು ಶತಮಾನ ದಾಟಿದ ಈ ಆಟ ಭಾರತದ ಅನೇಕ ಭಾಷೆಗಳಿಗೆ ಹರಡಿದೆ. 2012ರಲ್ಲಿ ಪುನೀತ್ ರಾಜ್‌ಕುಮಾರ್ ನಿರೂಪಣೆಯಲ್ಲಿ 'ಕನ್ನಡದ ಕೋಟ್ಯಧಿಪತಿ' ಬಂತು. ಅದೇ ವರ್ಷ ತಮಿಳಿನಲ್ಲಿ ನಟ ಸೂರ್ಯ, 2013ರಲ್ಲಿ ಮರಾಠಿಯಲ್ಲಿ ಸಚಿನ್ ಖೇಡೇಕರ್, 2014ರಲ್ಲಿ ತೆಲುಗಿನಲ್ಲಿ ನಾಗಾರ್ಜುನ ಇದೇ ಕುರ್ಚಿಯ ಎದುರು ಕುಳಿತರು. ಮುಂಬೈ, ಚೆನ್ನೈ, ಹೈದರಾಬಾದ್‌ಗಳಲ್ಲಿ ನೆಲೆಸಿದ ಕನ್ನಡಿಗರು ಈ ಆಟವನ್ನು ಎರಡು ಮೂರು ಭಾಷೆಗಳಲ್ಲಿ ನೋಡಿದ್ದಾರೆ. ಭಾಷೆ ಬದಲಾದರೂ ಶಾಸ್ತ್ರ ಬದಲಾಗಲಿಲ್ಲ. ವರ್ಷ ಕಳೆದಂತೆ ಅದು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಸಭೆ ಸಮಾರಂಭಗಳ ಉಪಚಾರ ಕನ್ನಡಿಗರಿಗೆ ಹೊಸದಲ್ಲ. ಯಾವ ಊರಿನ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದರೂ ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ನೆನಪಿನ ಕಾಣಿಕೆ, ಪ್ರಾಸ್ತಾವಿಕ ನುಡಿ ಎಲ್ಲ ಕಳೆದು ಮುಖ್ಯ ಭಾಷಣಕಾರರು ಮೈಕಿನ ಮುಂದೆ ಬರುವ ಹೊತ್ತಿಗೆ ಊಟದ ವಾಸನೆ ಬಂದಿರುತ್ತದೆ. ಆದರೆ ಅಲ್ಲಿ ಹಣದ ಪಂದ್ಯವಿಲ್ಲ. ಟಿವಿ ಆಟದಲ್ಲಿ ಇದೆ. ಸಾಮಾನ್ಯ ಮನುಷ್ಯನೊಬ್ಬನ ಸಾಲ, ಮನೆ, ಮಗಳ ಓದು ಆ ಕುರ್ಚಿಯ ಮೇಲೆ ಕುಳಿತಿರುತ್ತವೆ. ಹಾಗಾಗಿ ಅಲ್ಲಿ ನಡೆಯುವ ಒಂದೊಂದು ಶಾಸ್ತ್ರಕ್ಕೂ 'ಇದರಿಂದ ಯಾರಿಗೆ ಲಾಭ?' ಎಂದು ಕೇಳಬೇಕಾಗುತ್ತದೆ.

ಕೆಲಸವಿರುವ ಶಾಸ್ತ್ರ

ಎಲ್ಲ ಉಪಚಾರವೂ ವ್ಯರ್ಥವಲ್ಲ. 'ಲಾಕ್ ಕಿಯಾ ಜಾಯೆ' ಎಂಬ ಮಾತನ್ನೇ ನೋಡಿ. ಹಾಸ್ಯಗಾರರಿಂದ ಹಿಡಿದು ಮದುವೆ ಮನೆಯ ತಮಾಷೆಯವರೆಗೆ ಎಲ್ಲರೂ ಅನುಕರಿಸಿದ ಮಾತಿದು. ಕೇಳಲು ನಾಟಕೀಯ ಎನಿಸಿದರೂ ಇದರ ಹಿಂದೆ ಒಪ್ಪಂದದ ಅರ್ಥವಿದೆ. ಬ್ರಿಟನ್‌ನ ಐಟಿವಿಯಲ್ಲಿ 1998ರ ಸೆಪ್ಟೆಂಬರ್‌ನಲ್ಲಿ ಆರಂಭವಾದ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್' ಈ ಆಟದ ಮೂಲ. ಅಲ್ಲಿ ಸ್ಪರ್ಧಿ ಗಟ್ಟಿಯಾಗಿ ಯೋಚಿಸಬಹುದು, ಒಂದು ಉತ್ತರ ಹೇಳಿ ಇನ್ನೊಂದಕ್ಕೆ ಹೊರಳಬಹುದು, ಆಟ ಬಿಟ್ಟು ಗೆದ್ದಷ್ಟು ಹಣದೊಂದಿಗೆ ಏಳಬಹುದು. ಯಾವ ಕ್ಷಣದಲ್ಲಿ ಯೋಚನೆ ಮುಗಿದು ಉತ್ತರವಾಯಿತು ಎಂಬುದಕ್ಕೆ ಒಂದು ಗೆರೆ ಬೇಕು. 'ಇದೇ ಅಂತಿಮ ಉತ್ತರವೇ?' ಎಂಬ ಪ್ರಶ್ನೆ ಆ ಗೆರೆ. ಅದಿಲ್ಲದಿದ್ದರೆ ಬಾಯಿ ತಪ್ಪಿ ಬಂದ ಮಾತಿಗೆ ಲಕ್ಷಗಟ್ಟಲೆ ಹಣ ಹೋದೀತು, ಅಥವಾ ಉತ್ತರ ತಪ್ಪೆಂದು ತಿಳಿದ ಮೇಲೆ 'ನಾನು ಹಾಗೆ ಹೇಳಲೇ ಇಲ್ಲ' ಎಂಬ ತಕರಾರು ಎದ್ದೀತು.

ಈ ಗಟ್ಟಿ ಯೋಚನೆಯ ಅವಕಾಶವನ್ನೇ ದುರುಪಯೋಗ ಮಾಡಿಕೊಂಡ ಪ್ರಕರಣವೂ ಬ್ರಿಟನ್‌ನಲ್ಲಿ ನಡೆಯಿತು. 2001ರಲ್ಲಿ ಸೇನೆಯ ಮೇಜರ್ ಚಾರ್ಲ್ಸ್ ಇಂಗ್ರಾಂ ಹತ್ತು ಲಕ್ಷ ಪೌಂಡ್ ಗೆದ್ದಂತೆ ಕಂಡರು. ಅವರು ಒಂದೊಂದೇ ಆಯ್ಕೆಯನ್ನು ಬಾಯಿಬಿಟ್ಟು ಹೇಳುವಾಗ ಸರಿಯುತ್ತರದ ಬಳಿ ಸ್ಟುಡಿಯೊದಲ್ಲಿದ್ದ ಇನ್ನೊಬ್ಬ ಸ್ಪರ್ಧಿ ಕೆಮ್ಮುತ್ತಿದ್ದರು ಎಂಬ ಆರೋಪ ಬಂತು. ಹಣ ತಡೆಹಿಡಿಯಲಾಯಿತು. 2003ರಲ್ಲಿ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದು ಹೇಳಿತು. ಹಣವಿರುವ ಆಟದಲ್ಲಿ ನಿಯಮ, ಸಾಕ್ಷಿ, ದಾಖಲೆ ಬೇಕೇ ಬೇಕು ಎಂಬುದಕ್ಕೆ ಇದೊಂದು ಉದಾಹರಣೆ.

ಹೆಸರು, ಊರು, ಉದ್ಯೋಗ ಹೇಳಿ ಹತ್ತು ಮಂದಿ ಸ್ಪರ್ಧಿಗಳನ್ನು ಪರಿಚಯಿಸುವುದೂ ಇಂಥದ್ದೇ ಒಳ್ಳೆಯ ಶಾಸ್ತ್ರ. ಅವರಲ್ಲಿ ಹೆಚ್ಚಿನವರಿಗೆ ಹಾಟ್ ಸೀಟ್ ಸಿಗುವುದಿಲ್ಲ. ಎಲ್ಲೋ ದೂರದ ತಾಲ್ಲೂಕಿನಿಂದ ರಜೆ ಹಾಕಿ ಬಂದವರ ಹೆಸರು ದೇಶಕ್ಕೆ ಒಮ್ಮೆ ಕೇಳಿಸಲಿ ಎಂಬುದು ಕನಿಷ್ಠ ಮರ್ಯಾದೆ. ವಿಚಿತ್ರವೆಂದರೆ, ಈ ಪರಿಚಯ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಉಳಿದ ಶಾಸ್ತ್ರಗಳಿಗೆ ಮಾತ್ರ ಬೇಕಾದಷ್ಟು ಸಮಯವಿದೆ.

ಪ್ರಾಮಾಣಿಕತೆಯ ವೇಷ

ಟಿವಿ ರಸಪ್ರಶ್ನೆಯಲ್ಲಿ ಆಡಂಬರ ಹೇಗೆ ಹುಟ್ಟಿತು ಎಂದು ಹುಡುಕಿದರೆ 1950ರ ದಶಕದ ಅಮೆರಿಕಕ್ಕೆ ಹೋಗಬೇಕು. 1955ರಲ್ಲಿ ಸಿಬಿಎಸ್ ವಾಹಿನಿಯಲ್ಲಿ 64 ಸಾವಿರ ಡಾಲರ್ ಬಹುಮಾನದ ಕಾರ್ಯಕ್ರಮ ಆರಂಭವಾಯಿತು. ಪ್ರಶ್ನೆಗಳನ್ನು ಬ್ಯಾಂಕಿನ ತಿಜೋರಿಯಲ್ಲಿ ಇಟ್ಟಿದ್ದೇವೆ ಎಂದು ತೋರಿಸಲು ಬ್ಯಾಂಕ್ ಅಧಿಕಾರಿ ವೇದಿಕೆಗೆ ಬರುತ್ತಿದ್ದರು, ಅವರ ಪಕ್ಕದಲ್ಲಿ ಕಾವಲುಗಾರರು ನಿಲ್ಲುತ್ತಿದ್ದರು. ಯಾರೂ ಉತ್ತರ ಹೇಳಿಕೊಡಬಾರದೆಂದು ಸ್ಪರ್ಧಿಯನ್ನು ಗಾಜಿನ ಗೂಡಿನೊಳಗೆ ನಿಲ್ಲಿಸುತ್ತಿದ್ದರು. ಅದನ್ನು ನೋಡಿದ ಯಾರಿಗೂ ಸಂಶಯ ಬರುವಂತಿರಲಿಲ್ಲ.

ಮರುವರ್ಷ ಎನ್‌ಬಿಸಿಯಲ್ಲಿ ಬಂದ 'ಟ್ವೆಂಟಿ ಒನ್' ಕಾರ್ಯಕ್ರಮದಲ್ಲೂ ಇದೇ ಗಾಜಿನ ಗೂಡು ಇತ್ತು. ಆದರೆ ಉತ್ತರಗಳನ್ನು ಸ್ಪರ್ಧಿಗಳಿಗೆ ಮೊದಲೇ ಹೇಳಿಕೊಡಲಾಗುತ್ತಿತ್ತು. ಎಷ್ಟು ಹೊತ್ತು ತಡವರಿಸಬೇಕು, ಹಣೆಯ ಬೆವರನ್ನು ಹೇಗೆ ಒರೆಸಿಕೊಳ್ಳಬೇಕು ಎಂಬ ತರಬೇತಿಯೂ ಇತ್ತು. ಕಾಲೇಜು ಅಧ್ಯಾಪಕರಾಗಿದ್ದ ಚಾರ್ಲ್ಸ್ ವಾನ್ ಡೊರೆನ್ ಆ ಆಟದಿಂದ ದೇಶಕ್ಕೇ ಪರಿಚಿತರಾದರು. 1959ರ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಅವರು ಸತ್ಯ ಒಪ್ಪಿಕೊಂಡರು. ಮರುವರ್ಷ ರಸಪ್ರಶ್ನೆಯಲ್ಲಿ ಮೋಸ ಮಾಡುವುದು ಅಲ್ಲಿ ಕಾನೂನುಬಾಹಿರವಾಯಿತು.

ಈ ಇತಿಹಾಸ ಕಲಿಸುವ ಪಾಠ ಸರಳ. ತಿಜೋರಿ, ಕಾವಲುಗಾರ, ಗಾಜಿನ ಗೂಡು ಇವೆಲ್ಲ ಪ್ರಾಮಾಣಿಕತೆಯ ವೇಷ ಹಾಕಿದ್ದವೇ ಹೊರತು ಪ್ರಾಮಾಣಿಕತೆಯನ್ನು ಕಾಪಾಡಲಿಲ್ಲ. ಕಾಪಾಡಿದ್ದು ತನಿಖೆ ಮತ್ತು ಕಾನೂನು. ಇವತ್ತಿನ ಕಾರ್ಯಕ್ರಮಗಳು ಆ ಮಾರ್ಗದಲ್ಲಿವೆ ಎಂದು ಇದರ ಅರ್ಥವಲ್ಲ. ಆದರೆ ವೇದಿಕೆಯ ಮೇಲೆ ಎಷ್ಟು ಗಾಂಭೀರ್ಯ ಕಂಡರೂ ಅದು ಆಟದ ಗುಣಮಟ್ಟಕ್ಕೆ ಸಾಕ್ಷಿಯಲ್ಲ ಎಂಬುದನ್ನು ನೋಡುಗರು ಮರೆಯಬಾರದು.

ಗಡಿಯಾರ ಯಾರಿಗೆ?

ಕೆಬಿಸಿಯಲ್ಲಿ ಮೊದಮೊದಲು ಸ್ಪರ್ಧಿಗೆ ಸಮಯದ ಮಿತಿ ಇರಲಿಲ್ಲ. 2010ರ ಆವೃತ್ತಿಯಿಂದ ಆರಂಭದ ಪ್ರಶ್ನೆಗಳಿಗೆ ಗಡಿಯಾರ ಬಂತು. ಆ ಗಡಿಯಾರಕ್ಕೂ ಒಂದು ಮುದ್ದು ಹೆಸರು, ಅದಕ್ಕೂ 'ಜೀ' ಎಂಬ ಗೌರವ. ಸೆಕೆಂಡುಗಳ ಲೆಕ್ಕದಲ್ಲಿ ಉತ್ತರ ಬರಬೇಕು, ಇಲ್ಲದಿದ್ದರೆ ಆಟ ಮುಗಿಯಿತು.

ಗಮನಿಸಬೇಕಾದ ಸಂಗತಿ ಎಂದರೆ, ಗಡಿಯಾರ ಸ್ಪರ್ಧಿಗೆ ಮಾತ್ರ. ಪ್ರಶ್ನೆಯ ಮುಂಚಿನ ಮಾತಿಗೆ ಇಲ್ಲ, ಉತ್ತರ ಲಾಕ್ ಆದ ಮೇಲಿನ ಮೌನಕ್ಕೆ ಇಲ್ಲ, ಸರಿಯುತ್ತರವೆಂದು ಹೇಳುವ ಮುನ್ನ ಬೇಕೆಂದೇ ಮುಖ ಸಪ್ಪಗೆ ಮಾಡಿ ಎಳೆಯುವ ನಾಟಕಕ್ಕೂ ಇಲ್ಲ. ಉತ್ತರ ಏನೆಂದು ತಿಳಿಯುವ ಮುನ್ನವೇ ಜಾಹೀರಾತಿನ ವಿರಾಮ ಬರುತ್ತದೆ. ವಿರಾಮ ಮುಗಿದ ಮೇಲೆ ಅದೇ ಪ್ರಶ್ನೆ, ಅದೇ ನಾಲ್ಕು ಆಯ್ಕೆ, ಅದೇ ಉತ್ತರವನ್ನು ಮತ್ತೊಮ್ಮೆ ಓದಲಾಗುತ್ತದೆ.

ಸಣ್ಣದೊಂದು ಲೆಕ್ಕ ಹಾಕೋಣ. ಕೇಬಲ್ ಟಿವಿ ನಿಯಮದ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಬರಬಾರದು. ಅದರಲ್ಲಿ 10 ನಿಮಿಷ ವಾಣಿಜ್ಯ ಜಾಹೀರಾತಿಗೆ, 2 ನಿಮಿಷ ವಾಹಿನಿಯ ಸ್ವಂತ ಪ್ರಚಾರಕ್ಕೆ. ಪೂರ್ತಿ 12 ನಿಮಿಷ ಕಳೆದರೂ 48 ನಿಮಿಷ ಆಟಕ್ಕೆ ಉಳಿಯುತ್ತದೆ. ಒಂದು ಪ್ರಶ್ನೆ ಮತ್ತು ಆಯ್ಕೆಗಳನ್ನು ಓದಲು ಅರ್ಧ ನಿಮಿಷ, ಯೋಚಿಸಿ ಉತ್ತರಿಸಲು ಒಂದು ನಿಮಿಷ ಎಂದುಕೊಂಡರೂ 32 ಪ್ರಶ್ನೆಗಳಿಗೆ ಜಾಗವಿದೆ. ಮುಂದಿನ ಸಂಚಿಕೆ ನೋಡುವಾಗ ಎಷ್ಟು ಪ್ರಶ್ನೆ ಬಂತು ಎಂದು ನೀವೇ ಎಣಿಸಿ. ಉಳಿದ ಸಮಯ ಎಲ್ಲಿ ಹೋಯಿತು ಎಂಬುದಕ್ಕೆ ಬೇರೆ ಉತ್ತರ ಬೇಕಾಗುವುದಿಲ್ಲ.

ಇದನ್ನು ಅಮೆರಿಕದ 'ಜಿಯೊಪಾರ್ಡಿ' ಜೊತೆ ಹೋಲಿಸಬಹುದು. ವಿರಾಮ ಸೇರಿ ಅರ್ಧ ಗಂಟೆಯ ಆ ಕಾರ್ಯಕ್ರಮದಲ್ಲಿ 61 ಪ್ರಶ್ನೆಗಳಿಗೆ ಅವಕಾಶವಿದೆ. ಮೂವರು ಸ್ಪರ್ಧಿಗಳ ಜೊತೆ ಮಾತುಕತೆಯೂ ಇದೆ, ಆದರೆ ತಲಾ ಕೆಲವು ಸೆಕೆಂಡು ಮಾತ್ರ. ಸದ್ಯದ ರೂಪದಲ್ಲಿ 1984ರಿಂದ ಅದು ನಡೆದುಕೊಂಡು ಬಂದಿದೆ. ಶಾಸ್ತ್ರ ಕಡಿಮೆಯಾದರೆ ಜನ ನೋಡುವುದಿಲ್ಲ ಎಂಬ ಭಯಕ್ಕೆ ಆಧಾರವಿಲ್ಲ ಎಂದು ಇದರಿಂದ ತಿಳಿಯುತ್ತದೆ.

ಸಂಚಿಕೆಯ ಕೊನೆಯ ಹೂಟರ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ. ಸ್ಪರ್ಧಿ ದೊಡ್ಡ ಮೊತ್ತದ ಹೊಸ್ತಿಲಲ್ಲಿರುವಾಗ ಹೂಟರ್ ಕೂಗುತ್ತದೆ, ಆಟ ನಾಳೆಗೆ ಹೋಗುತ್ತದೆ. ನಾಳೆ ಮತ್ತೆ ಸ್ವಾಗತ, ಮತ್ತೆ ಪರಿಚಯ, ನಿನ್ನೆ ಗೆದ್ದ ಹಣದ ಮತ್ತೊಂದು ವಿವರಣೆ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ಕಣ್ಣೀರಿನ ಸುಂಕ

ಕಾಲಹರಣವಾದರೂ ಸಹಿಸಬಹುದು. ಅದಕ್ಕಿಂತ ಗಂಭೀರವಾದದ್ದು ಸ್ಪರ್ಧಿಯ ಕಷ್ಟವನ್ನು ಪ್ರದರ್ಶಿಸುವ ಶಾಸ್ತ್ರ. ಇದು ಈಗ ಬಹುತೇಕ ಕಡ್ಡಾಯವಾಗಿದೆ. ಸ್ಪರ್ಧಿಯ ಮನೆಗೆ ಕ್ಯಾಮೆರಾ ಹೋಗುತ್ತದೆ. ಸೋರುವ ಮಾಡು, ಅಮ್ಮನ ಹೊಲಿಗೆ ಯಂತ್ರ, ಅಪ್ಪನ ಕಾಯಿಲೆ, ಮಾರಿದ ಹೊಲ ಎಲ್ಲವೂ ಪಿಟೀಲಿನ ಹಿನ್ನೆಲೆಯಲ್ಲಿ ತೆರೆಗೆ ಬರುತ್ತವೆ. ವಿಡಿಯೊ ಮುಗಿದಾಗ ಕ್ಯಾಮೆರಾ ಸ್ಪರ್ಧಿಯ ಕಣ್ಣಿನ ಮೇಲೆ ನಿಲ್ಲುತ್ತದೆ. ನೀರು ಬರುವವರೆಗೂ ಕಾಯುತ್ತದೆ.

ಆಟಕ್ಕೂ ಇದಕ್ಕೂ ಸಂಬಂಧವಿಲ್ಲ. ಪ್ರಶ್ನೆಗೆ ಬಡವ ಶ್ರೀಮಂತ ಎಂಬ ಭೇದವಿಲ್ಲ. ನದಿಯೊಂದರ ಉಗಮಸ್ಥಾನ ಗೊತ್ತಿರುವ ರೈತನೂ ಗೊತ್ತಿರುವ ಎಂಜಿನಿಯರೂ ಅಲ್ಲಿ ಸಮಾನರು. ರಸಪ್ರಶ್ನೆಯ ದೊಡ್ಡ ಗುಣವೇ ಅದು. ಓದಿ ತಿಳಿದುಕೊಂಡವರು ತಮ್ಮ ತಿಳಿವಳಿಕೆಯಿಂದ ಹಣ ಗಳಿಸುತ್ತಾರೆ. ಅದು ದಾನವಲ್ಲ, ದುಡಿಮೆ. ಕಷ್ಟದ ವಿಡಿಯೊ ಬಂದ ಕೂಡಲೇ ಈ ಸಂಬಂಧ ಬದಲಾಗುತ್ತದೆ. ಗೆಲ್ಲಲು ಬಂದವರು ಬೇಡಲು ಬಂದವರಂತೆ ಕಾಣುತ್ತಾರೆ. ನಿರೂಪಕರು ದಾನಿಯ ಸ್ಥಾನಕ್ಕೆ ಏರುತ್ತಾರೆ. ಸ್ಪರ್ಧಿಗಳು ಕಾಲಿಗೆ ಬೀಳುವುದು, ನಿರೂಪಕರು ಬೇಡವೆಂದು ತಡೆಯುವುದು, ಸಭಾಂಗಣ ಚಪ್ಪಾಳೆ ತಟ್ಟುವುದು ಇವೆಲ್ಲ ಅದರ ಮುಂದುವರಿಕೆ.

ಹಾಗೆಂದು ಮಾತೇ ಬೇಡ ಎಂದಲ್ಲ. ಸಮಾಜಸೇವಕರಿಗಾಗಿ ಮೀಸಲಾದ ಕೆಬಿಸಿಯ ವಿಶೇಷ ಸಂಚಿಕೆಗಳಲ್ಲಿ ಮಾತಿಗೇ ಮೊದಲ ಸ್ಥಾನ. 2019ರಲ್ಲಿ ಸುಧಾ ಮೂರ್ತಿ ಬಂದಾಗ ಕರ್ನಾಟಕದ ದೇವದಾಸಿ ಮಹಿಳೆಯರ ನಡುವೆ ಮಾಡಿದ ಕೆಲಸದ ಬಗ್ಗೆ ಹೇಳಿದರು. ಅದರಿಂದ ಉತ್ತರ ಭಾರತದ ನೋಡುಗರಿಗೆ ಗೊತ್ತಿಲ್ಲದ ಸಂಗತಿ ತಿಳಿಯಿತು. ಅಲ್ಲಿ ಮಾತೇ ಕಾರ್ಯಕ್ರಮದ ತಿರುಳು. ಸಾಮಾನ್ಯ ಸ್ಪರ್ಧಿಗೂ ಹೇಳಲು ಇಂಥ ಸಂಗತಿಗಳಿರುತ್ತವೆ. ನೇಕಾರನಿಗೆ ಮಗ್ಗದ ಬಗ್ಗೆ, ಶಿಕ್ಷಕಿಗೆ ಏಕೋಪಾಧ್ಯಾಯ ಶಾಲೆಯ ಬಗ್ಗೆ, ಲಾರಿ ಚಾಲಕನಿಗೆ ಹೆದ್ದಾರಿಯ ಬಗ್ಗೆ ಗೊತ್ತಿರುವುದು ಸ್ಟುಡಿಯೊದಲ್ಲಿರುವ ಇನ್ನಾರಿಗೂ ಗೊತ್ತಿರುವುದಿಲ್ಲ. ಅದನ್ನು ಕೇಳಿದರೆ ಮಾತಿಗೆ ಬೆಲೆ ಬರುತ್ತದೆ. 'ಎಷ್ಟು ಕಷ್ಟಪಟ್ಟಿರಿ' ಎಂದಷ್ಟೇ ಕೇಳಿದರೆ ಕಣ್ಣೀರು ಮಾತ್ರ ಬರುತ್ತದೆ. ಆ ಕಣ್ಣೀರು ಕುರ್ಚಿಗೆ ಕಟ್ಟುವ ಸುಂಕವಾಗಬಾರದು.

ತೆರೆಯ ಮೇಲಿನ ಮೊತ್ತ, ಕೈಗೆ ಬರುವ ಮೊತ್ತ

ಇಷ್ಟೆಲ್ಲ ಶಾಸ್ತ್ರಗಳ ನಡುವೆ ನಿಜವಾಗಿ ಬೇಕಾದ ಒಂದು ಶಾಸ್ತ್ರಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ. ಅದು ಹಣದ ಪೂರ್ತಿ ಲೆಕ್ಕ.

ಹಿಂದೆ ನಿರೂಪಕರು ಚೆಕ್ಕಿಗೆ ಸಹಿ ಹಾಕಿ, ಹರಿದು, ಸ್ಪರ್ಧಿಯ ಕೈಗಿಡುತ್ತಿದ್ದರು. ಈಗ ಖಾತೆಗೆ ನೇರವಾಗಿ ಹಣ ಕಳುಹಿಸುವ ದೃಶ್ಯವಿದೆ. ದೊಡ್ಡ ಅಕ್ಷರದಲ್ಲಿ ತೆರೆಯ ಮೇಲೆ ಮಿನುಗುವುದು ಪೂರ್ತಿ ಮೊತ್ತ. ಆದರೆ ಭಾರತದ ಆದಾಯ ತೆರಿಗೆ ಕಾನೂನಿನಲ್ಲಿ ಇಂಥ ಆಟದ ಗೆಲುವಿಗೆ ನೇರವಾಗಿ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್ ಇದೆ. ಸಂಬಳದಾರರಿಗೆ ಇರುವಂತೆ ಇಷ್ಟು ಲಕ್ಷದವರೆಗೆ ತೆರಿಗೆ ಇಲ್ಲ ಎಂಬ ಮಿತಿಯ ಲಾಭ ಈ ಹಣಕ್ಕೆ ಸಿಗುವುದಿಲ್ಲ. ಖರ್ಚು ಕಳೆಯುವ ಅವಕಾಶವೂ ಇಲ್ಲ.

ಅಂದರೆ 12.50 ಲಕ್ಷ ರೂಪಾಯಿ ಗೆದ್ದವರು ಕಟ್ಟಬೇಕಾದ ತೆರಿಗೆ 3.90 ಲಕ್ಷ. ಕೈಗೆ ಉಳಿಯುವುದು 8.60 ಲಕ್ಷ. ಆದಾಯ 50 ಲಕ್ಷ ದಾಟಿದರೆ ತೆರಿಗೆಯ ಮೇಲೆ ಸರ್ಚಾರ್ಜ್ ಕೂಡ ಸೇರುತ್ತದೆ. ಬೇರೆ ಆದಾಯವೇ ಇಲ್ಲದವರು 1 ಕೋಟಿ ಗೆದ್ದರು ಎಂದುಕೊಂಡರೆ ತೆರಿಗೆ 30 ಲಕ್ಷ, ಅದರ ಮೇಲೆ ಶೇ 10ರಂತೆ ಸರ್ಚಾರ್ಜ್ 3 ಲಕ್ಷ, ಸೆಸ್ 1.32 ಲಕ್ಷ. ಒಟ್ಟು 34.32 ಲಕ್ಷ ಹೋಗಿ 65.68 ಲಕ್ಷ ಉಳಿಯುತ್ತದೆ. ಇದರಲ್ಲಿ ಶೇ 30ರಷ್ಟನ್ನು ಹಣ ಕೊಡುವಾಗಲೇ ಕಡಿತ ಮಾಡಲಾಗುತ್ತದೆ. ಉಳಿದದ್ದನ್ನು ಗೆದ್ದವರೇ ಆಮೇಲೆ ಕಟ್ಟಬೇಕು. ಇದು ಗೊತ್ತಿಲ್ಲದೆ ಬಂದ ಹಣವನ್ನೆಲ್ಲ ಖರ್ಚು ಮಾಡಿದವರಿಗೆ ಮುಂದೆ ನೋಟಿಸ್ ಬರಬಹುದು.

ಈ ಲೆಕ್ಕ ರಹಸ್ಯವೇನಲ್ಲ. ಆದರೆ ಸಂಚಿಕೆ ಪ್ರಸಾರವಾದ ಮರುದಿನ ಊರಿನವರು, ನೆಂಟರು, ಸಾಲ ಕೊಟ್ಟವರು, ಚಂದಾ ಕೇಳುವವರು ಮನೆ ಬಾಗಿಲಿಗೆ ಬರುವಾಗ ಅವರ ತಲೆಯಲ್ಲಿರುವುದು ತೆರೆಯ ಮೇಲೆ ಕಂಡ ಸಂಖ್ಯೆ. 2011ರಲ್ಲಿ ಕೆಬಿಸಿಯಲ್ಲಿ 5 ಕೋಟಿ ಗೆದ್ದ ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದವರು, ತಿಂಗಳಿಗೆ 6 ಸಾವಿರ ರೂಪಾಯಿ ಸಂಬಳ. ಗೆದ್ದ ನಂತರದ ವರ್ಷಗಳು ತಮ್ಮ ಬದುಕಿನ ಅತಿ ಕೆಟ್ಟ ಕಾಲವಾಗಿದ್ದವು ಎಂದು 2020ರಲ್ಲಿ ಅವರೇ ಸಾಮಾಜಿಕ ಜಾಲತಾಣದಲ್ಲಿ ಬರೆದುಕೊಂಡರು. ದಾನ ಕೇಳಿ ಬಂದವರು, ಮೋಸ ಮಾಡಿದವರು, ಕೈಕೊಟ್ಟ ವ್ಯವಹಾರಗಳು ಎಲ್ಲವನ್ನೂ ಬಿಚ್ಚಿಟ್ಟರು.

ಅವರ ಕಷ್ಟಕ್ಕೆ ಆಟವೇ ಕಾರಣ ಎನ್ನಲಾಗದು. ಆದರೆ ಒಂದು ನಿಮಿಷದ ಅಪ್ಪುಗೆಗೆ ಸಮಯವಿರುವ ಕಾರ್ಯಕ್ರಮದಲ್ಲಿ ಒಂದು ನಿಮಿಷದ ಲೆಕ್ಕಕ್ಕೂ ಸಮಯ ಇರಬಹುದಲ್ಲ? 'ಇವರು ಗೆದ್ದದ್ದು ಇಷ್ಟು, ತೆರಿಗೆ ಇಷ್ಟು, ಮನೆಗೆ ಒಯ್ಯುವುದು ಇಷ್ಟು' ಎಂದು ತೆರೆಯ ಮೇಲೆ ಮೂರು ಸಾಲು ಬಂದರೆ ಗೆದ್ದವರಿಗೂ ಅನುಕೂಲ, ನೋಡುಗರಿಗೂ ತಿಳಿವಳಿಕೆ. ಹಣದ ಬಗ್ಗೆ ದೇಶಕ್ಕೆ ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು.

ಮನೆಯಲ್ಲೇ ಇರುವ ಮಾದರಿ

ಶಾಸ್ತ್ರವಿಲ್ಲದೆ ಆಟ ನಡೆಯುವುದಿಲ್ಲ ಎನ್ನುವವರಿಗೆ ಕನ್ನಡದಲ್ಲೇ ಉತ್ತರವಿದೆ. ದೂರದರ್ಶನ ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾದ 'ಥಟ್ ಅಂತ ಹೇಳಿ' ಸಾವಿರಾರು ಸಂಚಿಕೆಗಳನ್ನು ಕಂಡಿದೆ. ವೈದ್ಯರೂ ಲೇಖಕರೂ ಆದ ಡಾ. ನಾ. ಸೋಮೇಶ್ವರ ಅದರ ನಿರೂಪಕರು. ಅಲ್ಲಿ ಸರಿಯುತ್ತರಕ್ಕೆ ಸಿಗುವುದು ಕನ್ನಡ ಪುಸ್ತಕ. ಬೆಳಕಿನ ಅಬ್ಬರವಿಲ್ಲ, ಎದೆಬಡಿತದ ಸಂಗೀತವಿಲ್ಲ. ಪ್ರಶ್ನೆ ಬರುತ್ತದೆ, ಉತ್ತರ ಬರುತ್ತದೆ, ಉತ್ತರದ ಹಿಂದಿನ ಸಂಗತಿಯನ್ನು ನಿರೂಪಕರು ಎರಡು ಮಾತಿನಲ್ಲಿ ವಿವರಿಸುತ್ತಾರೆ. ಆ ವಿವರಣೆಯೇ ಅಲ್ಲಿನ ಉಪಚಾರ. ಹೊರನಾಡಿನ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಕಿವಿಗೆ ಬೀಳಲಿ ಎಂದು ಹಾಕುವ ಕಾರ್ಯಕ್ರಮವೂ ಹೌದು.

ಕೋಟಿಯ ಆಟಕ್ಕೂ ಪುಸ್ತಕದ ಆಟಕ್ಕೂ ಹೋಲಿಕೆ ಸಲ್ಲದು ಎನ್ನಬಹುದು. ಹಾಗಾದರೆ ಕೆಬಿಸಿಯ ಸ್ವಂತ ಅನುಭವವನ್ನೇ ನೋಡಬಹುದು. 2020ರಲ್ಲಿ ಕೋವಿಡ್ ಬಂದಾಗ ಸ್ಟುಡಿಯೊದಲ್ಲಿ ಪ್ರೇಕ್ಷಕರು ಇರಲಿಲ್ಲ. ಅಪ್ಪುಗೆ, ಹಸ್ತಲಾಘವ, ಪಾದಸ್ಪರ್ಶ ಎಲ್ಲ ನಿಂತವು. ಪ್ರೇಕ್ಷಕರ ಮತದ ಲೈಫ್‌ಲೈನ್ ಹೋಗಿ ಅದರ ಜಾಗಕ್ಕೆ ಗೆಳೆಯರಿಗೆ ವಿಡಿಯೊ ಕರೆ ಮಾಡುವ ಸೌಲಭ್ಯ ಬಂತು. ಆದರೂ ಆಟ ನಿಲ್ಲಲಿಲ್ಲ. ಕುರ್ಚಿ, ಪ್ರಶ್ನೆ, ನಾಲ್ಕು ಆಯ್ಕೆ ಮತ್ತು ಎದುರು ಕುಳಿತ ಮನುಷ್ಯ ಇಷ್ಟೇ ಇದ್ದರೂ ಕಾರ್ಯಕ್ರಮ ನಡೆಯುತ್ತದೆ ಎಂದು ಆ ವರ್ಷ ತೋರಿಸಿಕೊಟ್ಟಿತು. ಸೋಂಕಿನ ಭಯ ಹೋದ ಮೇಲೆ ಬಿಟ್ಟದ್ದೆಲ್ಲ ಮರಳಿತು.

ಯಕ್ಷಗಾನವೂ ಈ ಪ್ರಶ್ನೆಯನ್ನು ಎದುರಿಸಿದೆ. ರಾತ್ರಿಯಿಡೀ ನಡೆಯುತ್ತಿದ್ದ ಆಟದಲ್ಲಿ ಪ್ರಸಂಗಕ್ಕೆ ಮೊದಲು ದೀರ್ಘ ಪೂರ್ವರಂಗ ಇರುತ್ತಿತ್ತು. ಅದು ಕಾಲಹರಣವಾಗಿರಲಿಲ್ಲ. ಕಲಿಯುವ ಹುಡುಗರಿಗೆ ಕಾಲು ಪಳಗುತ್ತಿತ್ತು, ದೂರದ ಊರಿನವರು ನಡೆದು ಬಂದು ಸೇರಲು ಸಮಯ ಸಿಗುತ್ತಿತ್ತು. ಕಾಲ ಬದಲಾದಾಗ ಕಾಲಮಿತಿಯ ಪ್ರದರ್ಶನಗಳು ಬಂದವು, ಪೂರ್ವರಂಗ ಮೊಟಕಾಯಿತು. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂದು ಕಲಾವಿದರೂ ಪ್ರೇಕ್ಷಕರೂ ಇವತ್ತಿಗೂ ಚರ್ಚಿಸುತ್ತಾರೆ. ನೂರಾರು ವರ್ಷಗಳ ಕಲೆಯೇ ತನ್ನ ಶಾಸ್ತ್ರವನ್ನು ಹೀಗೆ ಪರಿಶೀಲಿಸಿಕೊಳ್ಳುವಾಗ ಇಪ್ಪತ್ತೈದು ವರ್ಷದ ಟಿವಿ ಆಟಕ್ಕೆ ಅದು ಸಾಧ್ಯವಿಲ್ಲ ಎನ್ನಲಾಗದು.

ಜನರೇ ಬಯಸುತ್ತಾರೆಯೇ?

ನಿರ್ಮಾಪಕರ ಕಡೆಯಿಂದ ಬರುವ ವಾದವನ್ನೂ ಕೇಳಬೇಕು. ಜನ ನೋಡುವುದು ಪ್ರಶ್ನೆಗಾಗಿ ಅಲ್ಲ, ಅಮಿತಾಭ್ ಬಚ್ಚನ್ ಮಾತಿಗಾಗಿ ಎನ್ನುತ್ತಾರೆ. ಅದರಲ್ಲಿ ಸುಳ್ಳಿಲ್ಲ. 2007ರಲ್ಲಿ ಶಾರುಕ್ ಖಾನ್ ಒಂದು ಆವೃತ್ತಿ ನಡೆಸಿಕೊಟ್ಟರು, ಅದರ ನಂತರ ಆ ಕುರ್ಚಿ ಮತ್ತೆ ಬಚ್ಚನ್ ಅವರಿಗೇ ಬಂತು. ಕನ್ನಡದಲ್ಲೂ ಪುನೀತ್ ಅವರ ನಗು, ಸ್ಪರ್ಧಿಯ ಜೊತೆ ಮನೆಯವರಂತೆ ಮಾತಾಡುವ ರೀತಿಯನ್ನು ಜನ ಮೆಚ್ಚಿಕೊಂಡಿದ್ದರು. ಎದುರು ಕುಳಿತ ತಾರೆ ತನ್ನ ಹೆಸರು ಹಿಡಿದು ಕರೆದರೆ ಹಳ್ಳಿಯ ಸ್ಪರ್ಧಿಯ ನಡುಕ ಕಡಿಮೆಯಾಗುತ್ತದೆ. ಅದೂ ಒಂದು ಉಪಕಾರವೇ.

ಇನ್ನೊಂದು ವಾದ, ಕಾಯಿಸಿದರೇ ರುಚಿ ಎಂಬುದು. ಉತ್ತರ ತಕ್ಷಣ ಹೇಳಿಬಿಟ್ಟರೆ ಕುತೂಹಲ ಎಲ್ಲಿ? ಇದೂ ನಿಜ. ಆದರೆ ಕುತೂಹಲ ಕಠಿಣ ಪ್ರಶ್ನೆಯಿಂದ ಹುಟ್ಟಿದಾಗ ಅದಕ್ಕೆ ಕಾವು ಇರುತ್ತದೆ. ಅಮೆರಿಕದ ಆವೃತ್ತಿಯಲ್ಲಿ 1999ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಹತ್ತು ಲಕ್ಷ ಡಾಲರ್ ಗೆದ್ದ ಜಾನ್ ಕಾರ್ಪೆಂಟರ್ ಕೊನೆಯ ಪ್ರಶ್ನೆಯಲ್ಲಿ ತಂದೆಗೆ ಫೋನ್ ಮಾಡಿಸಿದರು. ಸಹಾಯ ಕೇಳಲು ಅಲ್ಲ, ತಾನು ಗೆಲ್ಲುತ್ತಿದ್ದೇನೆ ಎಂದು ಹೇಳಲು. ಆ ಕ್ಷಣ ಇವತ್ತಿಗೂ ನೆನಪಿನಲ್ಲಿ ಉಳಿದಿದೆ, ಏಕೆಂದರೆ ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಎರಡು ಸಾವಿರ ರೂಪಾಯಿಯ ಸುಲಭ ಪ್ರಶ್ನೆಗೂ ಕೋಟಿಯ ಪ್ರಶ್ನೆಗೂ ಒಂದೇ ಗುಡುಗು ಸಂಗೀತ ಹಾಕಿದರೆ, ನಿಜವಾದ ಕುತೂಹಲದ ಗಳಿಗೆ ಬಂದಾಗ ನೋಡುಗರ ಕಿವಿ ಆಗಲೇ ಮರಗಟ್ಟಿರುತ್ತದೆ.

ಬಳಕೆದಾರರೂ ಬದಲಾಗಿದ್ದಾರೆ. ಇಂದು ಪೂರ್ತಿ ಸಂಚಿಕೆ ನೋಡುವವರ ಜೊತೆಗೆ ಮೊಬೈಲಿನಲ್ಲಿ ಎರಡು ನಿಮಿಷದ ತುಣುಕು ನೋಡುವವರೂ ಇದ್ದಾರೆ. ಅಂಥ ತುಣುಕಿನಲ್ಲಿ ಮೆರವಣಿಗೆಗೆ ಜಾಗವಿಲ್ಲ, ಪ್ರಶ್ನೆ ಮತ್ತು ಉತ್ತರಕ್ಕೆ ಮಾತ್ರ ಜಾಗ. ವಾಹಿನಿ ಕತ್ತರಿಸದ ಉಪಚಾರವನ್ನು ನೋಡುಗರ ಬೆರಳು ಕತ್ತರಿಸುತ್ತಿದೆ.

ಹಾಗಾದರೆ ಉಳಿಯಬೇಕಾದ್ದು ಯಾವುದು? ನ್ಯಾಯಕ್ಕೆ ಬೇಕಾದ 'ಲಾಕ್' ಇರಲಿ. ಹತ್ತು ಮಂದಿಯ ಹೆಸರು ಹೇಳುವುದು ಇರಲಿ, ಸಾಧ್ಯವಾದರೆ ಇನ್ನಷ್ಟು ನಿಧಾನವಾಗಿ. ಸ್ಪರ್ಧಿಯ ನಡುಕ ಕಳೆಯುವ ನಾಲ್ಕು ಮಾತು, ಸರಿಯುತ್ತರದ ಹಿಂದಿನ ಕಥೆ ಇರಲಿ. ವಿರಾಮದ ನಂತರದ ಪುನರಾವರ್ತನೆ, ಸುಲಭ ಪ್ರಶ್ನೆಯ ಸುಳ್ಳು ಮೌನ, ಮನೆಯ ಬಡತನದ ಪ್ರದರ್ಶನ ಹೋಗಲಿ. ಅವು ಹೋದ ಜಾಗದಲ್ಲಿ ಇನ್ನೊಬ್ಬ ಸ್ಪರ್ಧಿಗೆ ಅವಕಾಶ ಸಿಗುತ್ತದೆ. ಹತ್ತು ಮಂದಿಯಲ್ಲಿ ಒಬ್ಬರಿಗೆ ಸಿಗುವ ಕುರ್ಚಿ ಇಬ್ಬರಿಗೆ ಸಿಗಬಹುದು. ಬರಿಗೈಲಿ ರೈಲು ಹತ್ತಿ ವಾಪಸಾಗುವ ಆ ಇನ್ನೊಬ್ಬರ ಲೆಕ್ಕದಲ್ಲಿ ನೋಡಿದರೆ, ವೇದಿಕೆಯ ಮೇಲೆ ಅನಗತ್ಯವಾಗಿ ಕಳೆದ ಒಂದೊಂದು ನಿಮಿಷಕ್ಕೂ ಬೆಲೆ ಇದೆ.